ಹಂಚಿನ ಒಳಮೈಯ 1865: ಜೆಪ್ಪುವಿನ ಮಣ್ಣು ಹೇಳುವ ಮಿಶ್ರಣಗಳ ಚರಿತ್ರೆ

ಹಂಚಿನ ಮನೆಯಲ್ಲಿ ಅಂಗಾತ ಮಲಗಿ ಮಾಡು ನೋಡಿದವರಿಗೆಲ್ಲ ಆ ಅಕ್ಷರಗಳ ಪರಿಚಯ ಇರುತ್ತದೆ. ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರಿನ ಹೆಸರು, ಕೆಲವದರಲ್ಲಿ ಒಂದು ಇಸವಿಯೂ ಇರುತ್ತದೆ: 1865. ನಮ್ಮ ಮನೆಯ ಹಂಚು ನೂರೈವತ್ತು ವರ್ಷ ಹಳೆಯದು ಎಂದು ಹೆಮ್ಮೆಯಿಂದ ತೋರಿಸುವವರಿದ್ದಾರೆ. ಅವರನ್ನು ನಿರಾಶೆಗೊಳಿಸಲು ನಮಗೆ ಮನಸ್ಸಿಲ್ಲ, ಆದರೆ ಅದು ಆ ಹಂಚು ಹುಟ್ಟಿದ ವರ್ಷವಲ್ಲ. ಕಾರ್ಖಾನೆ ಹುಟ್ಟಿದ ವರ್ಷ. ಎಷ್ಟೋ ದಶಕಗಳ ನಂತರ ಒತ್ತಿದ ಹಂಚಿನ ಮೇಲೂ ಅದೇ ಅಚ್ಚು ಬಿದ್ದಿದೆ.

ಆ ಕಾರ್ಖಾನೆ ಇದ್ದದ್ದು ಮಂಗಳೂರಿನ ಜೆಪ್ಪುವಿನಲ್ಲಿ. ಅತ್ತಾವರದಿಂದ ದಕ್ಷಿಣಕ್ಕೆ ಮಾರ್ಗನ್ಸ್ ಗೇಟ್ ಕಡೆ ಹೋದರೆ ಹೆಚ್ಚು ದೂರವಿಲ್ಲ. ಅದರಾಚೆ ನೇತ್ರಾವತಿ ಹೊಳೆ. ಇಂದು ಅತ್ತಾವರ ಎಂದರೆ ಆಸ್ಪತ್ರೆ, ಹಾಸ್ಟೆಲ್, ಅಪಾರ್ಟ್‌ಮೆಂಟು, ಪಕ್ಕದಲ್ಲೇ ರೈಲ್ವೆ ಸ್ಟೇಷನ್. ಹಳೆ ಮನೆ ಕೆಡವಿದ ಜಾಗದಲ್ಲಿ ಹಂಚುಗಳನ್ನು ಸಾಲಾಗಿ ಒರಗಿಸಿಟ್ಟದ್ದು ಕಂಡರೆ ಮಾತ್ರ ಹಿಂದಿನ ಕಾಲ ನೆನಪಾಗುತ್ತದೆ.

ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದರು, ಕಾರ್ಖಾನೆ ಹಾಕಿದರು ಎಂದು ಚರಿತ್ರೆಯ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಆದರೆ ಮಿಶನ್ ಧಾರವಾಡದಲ್ಲೂ ಇತ್ತು, ಹುಬ್ಬಳ್ಳಿಯಲ್ಲೂ ಇತ್ತು. ಹಂಚು ಹುಟ್ಟಿದ್ದು ಇಲ್ಲಿ. ಯಾಕೆ ಇಲ್ಲೇ ಎಂದು ಹುಡುಕುತ್ತಾ ಹೋದಾಗ ನಾವು ತಲುಪಿದ್ದು ಹೈಸ್ಕೂಲಿನ ವಿಜ್ಞಾನದ ಒಂದು ಪಾಠಕ್ಕೆ. ದ್ರಾವಣ, ನಿಲಂಬನ, ಕಲಿಲ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವ ಮಿಶ್ರಣಗಳ ಪಾಠ ಅದು.

ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಇಳಿದದ್ದು 1834ರಲ್ಲಿ. ಮತಾಂತರವಾದವರು ಜಾತಿಯ ಜೊತೆಗೆ ಕುಲಕಸುಬನ್ನೂ, ಎಷ್ಟೋ ಸಲ ಮನೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಹೊಟ್ಟೆಪಾಡು ಒದಗಿಸಲು ಮಿಶನ್ ನೇಯ್ಗೆ, ಮುದ್ರಣ, ಮರಗೆಲಸ ಎಂದು ಒಂದೊಂದಾಗಿ ಕೈಹಾಕಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಯಂತ್ರಕುಶಲಿ ಹೊಳೆಬದಿಯ ಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ಒಂದಕ್ಕೊಂದು ಕಚ್ಚಿ ಕೂರುವ ಹಂಚು ಅವನ ಕಲ್ಪನೆಯಲ್ಲ. ಬಾಸೆಲ್‌ಗೆ ಹತ್ತಿರವೇ ಇರುವ ಅಲ್ಸೇಸ್ ಸೀಮೆಯಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲೇ ಅಂಥದ್ದನ್ನು ಮಾಡಿದ್ದರು. ನಮ್ಮ ಕುಂಬಾರರು ತಿರುಗಣಿಯಲ್ಲಿ ಮಾಡುತ್ತಿದ್ದ ಅರ್ಧ ಕೊಳವೆಯಂಥ ನಾಡಹಂಚೂ ಇತ್ತು. ಆದರೆ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು ಅಥವಾ ಮಡಲು. ವರ್ಷ ವರ್ಷ ಹೊದಿಸಬೇಕು, ಕಿಡಿ ಬಿದ್ದರೆ ಕೇರಿಯೇ ಬೂದಿ.

ಈಗ ಮಣ್ಣಿಗೆ ಬರೋಣ. ಮಳೆಗಾಲದ ನೇತ್ರಾವತಿಯ ಬಣ್ಣ ನಿಮಗೆ ಗೊತ್ತು. ಘಟ್ಟದಿಂದ ಇಳಿಯುವಾಗ ಅದು ಹೊತ್ತು ತರುವುದರಲ್ಲಿ ಎಲ್ಲವೂ ಇರುತ್ತದೆ: ಕಲ್ಲುಹರಳು, ಹೊಯ್ಗೆ, ನುಣ್ಣನೆಯ ಹೂಳು, ಇನ್ನೂ ನುಣ್ಣನೆಯ ಆವೆಮಣ್ಣು, ಕಣ್ಣಿಗೆ ಕಾಣದಂತೆ ಕರಗಿದ ಲವಣಗಳು. ಒಂದು ಗಾಜಿನ ಬಾಟಲಿಯಲ್ಲಿ ಗದ್ದೆಯ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಹೊಯ್ಗೆ ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ. ಹೂಳು ಕೂರಲು ಗಂಟೆಗಳು ಬೇಕು. ಆಮೇಲೂ ಮೇಲಿನ ನೀರು ಗಂಜಿ ತಿಳಿಯಂತೆ ಮಸುಕಾಗಿಯೇ ಉಳಿಯುತ್ತದೆ. ಮರುದಿನ ನೋಡಿದರೂ ಹಾಗೇ.

ಅಲುಗಾಡದೆ ಬಿಟ್ಟರೆ ಕೂರುವುದು ನಿಲಂಬನ. ಕೂರಲು ಒಲ್ಲದೆ ನೀರಿನಲ್ಲೇ ತೇಲಾಡುವುದು ಕಲಿಲ. ಅದರ ಕಣಗಳು ತಲೆಗೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತಲೂ ಚಿಕ್ಕವು. ಹಾಲೂ ಕಲಿಲವೇ, ಬೆಳಗಿನ ಮಂಜೂ ಕಲಿಲವೇ. ಕತ್ತಲೆಯಲ್ಲಿ ಆ ಮಸುಕು ನೀರಿನ ಬಾಟಲಿಗೆ ಮೊಬೈಲಿನ ಟಾರ್ಚ್ ಹಿಡಿದರೆ ಬೆಳಕಿನ ದಾರಿ ಒಳಗೆ ಗೆರೆಯಂತೆ ಕಾಣುತ್ತದೆ. ಉಪ್ಪು ಕರಗಿಸಿದ ಶುದ್ಧ ನೀರಿನಲ್ಲಿ ಹಾಗೆ ಕಾಣುವುದಿಲ್ಲ. ಅದು ದ್ರಾವಣ, ಮೇಲಿನ ಹನಿಗೂ ತಳದ ಹನಿಗೂ ರುಚಿಯಲ್ಲಿ ವ್ಯತ್ಯಾಸವಿಲ್ಲ.

ಇಂಗ್ಲಿಷಿನಲ್ಲಿ ಕಲಿಲ ಎಂಬುದಕ್ಕೆ ಹೆಸರಿಟ್ಟವನು ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ. ಇಸವಿ 1861. ಗ್ರೀಕ್ ಭಾಷೆಯಲ್ಲಿ ಅಂಟು ಎಂಬರ್ಥದ ಪದವೊಂದನ್ನು ತೆಗೆದುಕೊಂಡ. ಲಂಡನ್ನಿನಲ್ಲಿ ಅದಕ್ಕೆ ಹೆಸರು ಬಿದ್ದ ನಾಲ್ಕು ವರ್ಷಕ್ಕೆ ಜೆಪ್ಪುವಿನಲ್ಲಿ ಅದನ್ನೇ ತುಳಿದು, ಹದ ಮಾಡಿ, ಅಚ್ಚಿಗೆ ಹಾಕುತ್ತಿದ್ದರು. ಗ್ರಹಾಂ ಬರೆದದ್ದನ್ನು ಜೆಪ್ಪುವಿನಲ್ಲಿ ಯಾರೂ ಓದಬೇಕಾಗಿರಲಿಲ್ಲ. ಅಂಟು ಮಣ್ಣು ಯಾವುದು, ಉದುರು ಮಣ್ಣು ಯಾವುದು ಎಂದು ಕುಂಬಾರನ ಹೆಬ್ಬೆರಳಿಗೆ ಸಾವಿರಾರು ವರ್ಷಗಳಿಂದ ಗೊತ್ತಿತ್ತು.

ಹಾಗಾದರೆ ಕೂರಲು ಒಲ್ಲದ ಈ ಆವೆಮಣ್ಣು ಮಂಗಳೂರಿನ ಬಳಿ ರಾಶಿಯಾಗಿ ಕೂತದ್ದು ಹೇಗೆ? ಇಲ್ಲೇ ಸ್ವಾರಸ್ಯ ಇರುವುದು. ಆವೆಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಎಲ್ಲಕ್ಕೂ ಒಂದೇ ಬಗೆಯದಾದ್ದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತವೆ. ಸಿಹಿನೀರಿನಲ್ಲಿ ಈ ತಳ್ಳಾಟ ನಡೆದೇ ಇರುತ್ತದೆ. ಹೊಳೆ ಅಳಿವೆಗೆ ಬಂದು ಕಡಲಿನ ಉಪ್ಪುನೀರು ಬೆರೆತ ಕೂಡಲೇ ಉಪ್ಪಿನ ಧನ ಅಯಾನುಗಳು ಆ ವಿದ್ಯುದಂಶವನ್ನು ತಗ್ಗಿಸುತ್ತವೆ. ಕಣಗಳು ಹತ್ತಿರ ಬಂದು, ಗಂಟುಗಂಟಾಗಿ ಅಂಟಿಕೊಂಡು, ಭಾರವಾಗಿ ಕೆಳಗಿಳಿಯುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಜೊತೆಗೆ ಅಳಿವೆಯ ಹತ್ತಿರ ಹೊಳೆಯ ಓಟವೂ ನಿಧಾನ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಮಂಗಳೂರಿನಲ್ಲೇ ಕಡಲು ಸೇರುತ್ತವೆ. ಕಡಲಿನ ಮಟ್ಟವೂ ಹೊಳೆಯ ಪಾತ್ರವೂ ಅತ್ತಿತ್ತ ಸರಿದ ಸಾವಿರಾರು ವರ್ಷಗಳಲ್ಲಿ ಅವು ಹೀಗೆ ಇಳಿಸಿದ ಮಣ್ಣು ದಡದಲ್ಲಿ, ತಗ್ಗಿನ ಗದ್ದೆಗಳಡಿ ಪದರ ಪದರವಾಗಿ ಕೂತಿತು.

ಇದನ್ನು ನಮ್ಮ ಅಜ್ಜಿಯಂದಿರು ಕೊಡಪಾನದಲ್ಲೇ ಮಾಡುತ್ತಿದ್ದರು. ಮಳೆಗಾಲದಲ್ಲಿ ಬಾವಿನೀರು ಕದಡಿದಾಗ ಪಟಿಕದ ತುಂಡನ್ನು ಎರಡು ಸುತ್ತು ಆಡಿಸಿ ಇಟ್ಟರೆ ಬೆಳಿಗ್ಗೆ ನೀರು ತಿಳಿ. ಪಟಿಕದಲ್ಲಿರುವ ಅಲ್ಯೂಮಿನಿಯಂ ಅಯಾನಿಗೆ ಅಡಿಗೆ ಉಪ್ಪಿನ ಸೋಡಿಯಂಗಿಂತ ಮೂರು ಪಟ್ಟು ವಿದ್ಯುದಂಶ. ಆದರೆ ಕಲಿಲವನ್ನು ಕೂರಿಸುವ ಅದರ ಬಲ ಮೂರು ಪಟ್ಟಲ್ಲ, ನೂರಾರು ಪಟ್ಟು. 1882ರಲ್ಲಿ ಹಾನ್ಸ್ ಶುಲ್ಜೆ ಎಂಬ ಜರ್ಮನ್ ವಿಜ್ಞಾನಿ ಇದನ್ನು ಗುರುತಿಸಿದ. ನಗರಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಇವತ್ತಿಗೂ ನಡೆಯುವುದು ಇದೇ. (ನೀರು ತಿಳಿಯಾದರೆ ರೋಗಾಣು ಹೋಯಿತು ಎಂದಲ್ಲ, ಕುದಿಸಿಯೇ ಕುಡಿಯಿರಿ.)

ಕಾರ್ಖಾನೆಯೊಳಗಿನ ಕೆಲಸವೆಂದರೆ ಒಂದು ಮಿಶ್ರಣವನ್ನು ಸರಿಯಾಗಿ ಬೆರೆಸುವುದು. ಬರೀ ಆವೆಮಣ್ಣಿನಿಂದ ಹಂಚು ಮಾಡಿದರೆ ಒಣಗುವಾಗ ಕುಗ್ಗಿ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಹೊಯ್ಗೆ ಹೆಚ್ಚಾದರೆ ಅಚ್ಚಿನಿಂದ ಏಳುವಾಗಲೇ ಮುರಿಯುತ್ತದೆ, ಮಳೆಗೆ ಸೋರುತ್ತದೆ. ಹಾಗಾಗಿ ಬೇರೆ ಬೇರೆ ಕಡೆಯ ಮಣ್ಣು ತರಿಸಬೇಕು. ಬೇಸಗೆಯಲ್ಲಿ ಅಗೆದು, ರಾಶಿ ಹಾಕಿ, ಬಿಸಿಲು ಮಳೆಗೆ ಒಡ್ಡಿ ಹಳತಾಗಿಸಬೇಕು. ಆಮೇಲೆ ಅಂಟು ಮಣ್ಣಿಗೆ ಉದುರು ಮಣ್ಣು ಬೆರೆಸಿ, ನೀರು ಹಾಕಿ, ಯಂತ್ರದಲ್ಲಿ ಅರೆದು, ಹಲಗೆಯಂತೆ ಕತ್ತರಿಸಿ, ಅಚ್ಚಿನಲ್ಲಿ ಒತ್ತಬೇಕು. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ಮಣ್ಣು ಬದಲಾದ ಹಾಗೆ ಬದಲಾಗುತ್ತದೆ. ಹಸಿ ಹಂಚನ್ನು ನೆರಳಿನಲ್ಲಿ ಒಣಗಿಸುವುದು, ತಲೆಹೊರೆಯಲ್ಲಿ ಸಾಗಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಹಂಚಿನ ಮೇಲೆ ಒಡೆಯರ ಹೆಸರಿದೆ, ಆ ಲೆಕ್ಕ ಗೊತ್ತಿದ್ದ ಕೈಗಳ ಹೆಸರಿಲ್ಲ.

ಭಟ್ಟಿಗೆ ಹೋಗುವ ತನಕ ಅದು ಮಿಶ್ರಣವೇ. ಒಣಗಿದ ಹಸಿ ಹಂಚನ್ನು ನೀರಿಗೆ ಹಾಕಿದರೆ ಕರಗಿ ಮತ್ತೆ ಕೆಸರಾಗುತ್ತದೆ. ಮೊದಲ ಬಿಸಿಗೆ ಹೋಗುವುದು ಬೆರೆತ ನೀರು. ಸುಮಾರು 450 ಡಿಗ್ರಿಯಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ ಆವೆಮಣ್ಣಿನ ಹರಳಿನೊಳಗೇ ಕಟ್ಟಿಕೊಂಡಿದ್ದ ನೀರಿನ ಅಂಶ ಬಿಟ್ಟುಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ. 573 ಡಿಗ್ರಿಯಲ್ಲಿ ಹೊಯ್ಗೆಯೊಳಗಿನ ಬೆಣಚು ಒಮ್ಮೆಲೇ ಹಿಗ್ಗುತ್ತದೆ. ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಅವಸರದಲ್ಲಿ ಭಟ್ಟಿ ತೆರೆದರೆ ಹಂಚು ಬಿರಿಯುವುದು ಇದರಿಂದ. ಬೂದು ಬಣ್ಣದ ಮಣ್ಣು ಕೆಂಪಾಗುವುದು ಅದರಲ್ಲಿದ್ದ ಕಬ್ಬಿಣ ಆಮ್ಲಜನಕದ ಜೊತೆ ಸೇರಿದಾಗ. ನಮ್ಮ ಮುರಕಲ್ಲು ಕೆಂಪಾಗಿರುವುದೂ ಕಬ್ಬಿಣದಿಂದಲೇ. ಬೆಂದ ಹಂಚನ್ನು ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು. ಡಬ್ ಎಂದರೆ ಒಳಗೆ ಬಿರುಕಿದೆ.

ಅಳಿವೆಯ ಮಣ್ಣಿನಲ್ಲಿ ಉಪ್ಪಿನ ಅಂಶ ಉಳಿದಿದ್ದರೆ ಹಂಚಿನ ಮೇಲೋ ಇಟ್ಟಿಗೆಯ ಮೇಲೋ ಬಿಳಿ ಪುಡಿ ಹೂವಿನಂತೆ ಏಳುತ್ತದೆ. ಒಳಗಿನ ತೇವದಲ್ಲಿ ಕರಗಿದ ಉಪ್ಪು ಮೇಲೆ ಬಂದು, ನೀರು ಆರಿದ ಮೇಲೆ ಅಲ್ಲೇ ಉಳಿಯುತ್ತದೆ. ಉಪ್ಪಿನಾಗರದಲ್ಲಿ ನಡೆಯುವುದೂ ಇಷ್ಟೇ: ದ್ರಾವಣದಿಂದ ನೀರನ್ನು ಬಿಸಿಲು ಕುಡಿಯುತ್ತದೆ, ಉಪ್ಪು ಉಳಿಯುತ್ತದೆ. ಮಿಶ್ರಣವನ್ನು ಬೇರ್ಪಡಿಸುವ ವಿಧಾನಗಳಲ್ಲಿ ಇದಕ್ಕಿಂತ ಸುಲಭವಾದದ್ದಿಲ್ಲ. ಬ್ರಿಟಿಷರ ಕಾನೂನಿನಲ್ಲಿ ಅದೇ ಅಪರಾಧವಾಗಿತ್ತು. ಕಡಲ ನೀರನ್ನು ಆರಿಸಿ ಉಪ್ಪು ಎತ್ತಿದವರನ್ನು ಜೈಲಿಗೆ ಹಾಕುತ್ತಿದ್ದರು. ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ನಮ್ಮದೇ ಕರಾವಳಿಯ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಆ ಕಾನೂನು ಮುರಿದರು. ಹೊಳೆಯ ಮಣ್ಣನ್ನು ಬೇಯಿಸಿ ಮಾರುವವರಿಗೆ ಸರಕಾರದ ಪ್ರೋತ್ಸಾಹ, ಕಡಲ ನೀರನ್ನು ಆರಿಸುವವರಿಗೆ ಲಾಠಿ! ಎರಡಕ್ಕೂ ಬಂಡವಾಳ ಪ್ರಕೃತಿಯದ್ದೇ.

ಜೆಪ್ಪುವಿನ ನಂತರ ಬೇರೆಯವರೂ ಈ ಉದ್ಯಮಕ್ಕೆ ಇಳಿದರು. ಸ್ಥಳೀಯರಾದ ಆಲ್ಬುಕರ್ಕ್ ಅವರ ಕಾರ್ಖಾನೆ 1868ರಲ್ಲೇ ಬಂತು. ಮಿಶನ್ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಯ ಕಡೆಗೂ ಹರಡಿತು. ಮಂಜಿಗಳಲ್ಲಿ ಹಂಚು ಬೊಂಬಾಯಿಗೂ ಅದರಾಚೆಗೂ ಹೋಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಒಳನಾಡಿಗೂ ದಾರಿ ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಶತ್ರುಗಳೆಂದು ಬಂಧನದಲ್ಲಿಟ್ಟರು. ಅವರ ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್‌ ಕೈಸೇರಿದವು. ಹೆಸರು ಬದಲಾಯಿತು, 1865 ಉಳಿಯಿತು.

ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ್ದಕ್ಕೆ ಕಾಂಕ್ರೀಟ್ ತಾರಸಿಯೇ ಕಾರಣ ಎನ್ನುತ್ತಾರೆ. ಅದು ಅರ್ಧ ಮಾತ್ರ. ಇನ್ನರ್ಧ ಮಣ್ಣಿನದು. ಹೊಳೆ ಸಾವಿರಾರು ವರ್ಷ ಕೂರಿಸಿದ್ದನ್ನು ನಾವು ನೂರು ವರ್ಷದಲ್ಲಿ ಅಗೆದೆವು. ಆವೆಮಣ್ಣು ಇರುವುದು ಗದ್ದೆಯ ಅಡಿಯಲ್ಲಿ. ಅದೇ ಮಣ್ಣು ನೀರನ್ನು ಇಂಗಗೊಡದೆ ಹಿಡಿದಿಟ್ಟು ಭತ್ತ ಬೆಳೆಸುತ್ತಿತ್ತು. ಆ ಪದರ ತೆಗೆದರೆ ಗದ್ದೆ ಹೊಂಡವಾಗುತ್ತದೆ, ಇಲ್ಲವೇ ನೀರು ನಿಲ್ಲದ ಭೂಮಿಯಾಗುತ್ತದೆ. ಹಂಚಿನ ಕೂಲಿಯೂ ಬೇಕು, ಅನ್ನ ಬೆಳೆಯುವ ಗದ್ದೆಯೂ ಬೇಕು ಎಂಬ ಈ ಜಗ್ಗಾಟದಲ್ಲಿ ಕಾರ್ಮಿಕರನ್ನು ಮಾತ್ರ ದೂರುವುದು ನ್ಯಾಯವಲ್ಲ ಎಂದು ನಮಗೆ ಅನ್ನಿಸುತ್ತದೆ. ಮಣ್ಣು ಮಾರಿದವರೂ ನಮ್ಮೂರಿನವರೇ, ಹಂಚು ಹೊದಿಸಿಕೊಂಡವರೂ ನಾವೇ.

ಒಡೆದ ಹಂಚು ಮತ್ತೆ ಆವೆಮಣ್ಣಾಗುವುದಿಲ್ಲ. ನುಣ್ಣಗೆ ಕುಟ್ಟಿದರೂ ಅಂಟುವುದಿಲ್ಲ. ಆದರೆ ಆ ಪುಡಿಗೆ ಸುಣ್ಣ ಬೆರೆಸಿದರೆ ನೀರಿನಡಿಯೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ಬೆಂದ ಮಣ್ಣಿನ ಸಿಲಿಕಾ, ಅಲ್ಯೂಮಿನಾಗಳು ಸುಣ್ಣದ ಜೊತೆ ನಿಧಾನವಾಗಿ ಕೂಡಿಕೊಂಡು ಹೊಸ ಸಂಯುಕ್ತವಾಗುತ್ತವೆ. ಇದಕ್ಕೆ ಸುರ್ಕಿ ಎಂದು ಹೆಸರು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸಿಮೆಂಟಿನಿಂದಲ್ಲ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ. ನಿಮ್ಮ ಊರಿನಲ್ಲಿ ಹಳೆ ಮನೆ ಬೀಳಿಸುವಾಗ ಸಾಬೂತು ಹಂಚಿಗೆ ಗಿರಾಕಿ ಸಿಗುತ್ತಾರೆ. ಒಡೆದದ್ದನ್ನು ಲಾರಿಯಲ್ಲಿ ತುಂಬಿ ಗುಂಡಿಗೆ ಸುರಿಯುವ ಮೊದಲು, ಹಳೆ ಕಾಲದ ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಯಾರಾದರೂ ಹತ್ತಿರದಲ್ಲಿ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ.