ಫಾರ್ಮಾಲಿನ್ ಹಾಕಿದ ಬೀಗ

ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಗಾಜಿನ ಭರಣಿಗಳಿವೆ. ಒಂದರಲ್ಲಿ ಕಪ್ಪೆ, ಇನ್ನೊಂದರಲ್ಲಿ ಹಾವಿನ ಮರಿ. "ಇದು ಯಾಕೆ ಕೊಳೆಯುವುದಿಲ್ಲ ಟೀಚರ್?" ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಫಾರ್ಮಾಲಿನ್ ಎಂದು ಹೇಳಿ ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಆ ಫಾರ್ಮಾಲಿನ್‌ಗೂ ಒಂದು ಚರಿತ್ರೆಯಿದೆ.

1893ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫರ್ಡಿನಾಂಡ್ ಬ್ಲುಮ್ ಎಂಬ ವೈದ್ಯರು ಫಾರ್ಮಾಲ್ಡಿಹೈಡ್ ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಕೆಲಸದ ನಡುವೆ ತಮ್ಮ ಬೆರಳಿನ ಚರ್ಮವೇ ಗಟ್ಟಿಯಾದದ್ದನ್ನು ಕಂಡರು. ಹಾಗಾದರೆ ದೇಹದ ಅಂಗಾಂಶವೂ ಗಟ್ಟಿಯಾಗಬೇಕಲ್ಲ? ಹಾಗೆಯೇ ಆಯಿತು. ಕ್ರಮೇಣ ಆಸ್ಪತ್ರೆಗಳಲ್ಲಿ ರೋಗಿಯ ಗಡ್ಡೆಯ ತುಣುಕನ್ನು ಫಾರ್ಮಾಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ ಕಾದಿಡುವುದು ರೂಢಿಯಾಯಿತು.

ಆದರೆ ಕಾಪಾಡಿದ ಕೈಯೇ ಬೀಗವನ್ನೂ ಹಾಕಿತ್ತು. ಫಾರ್ಮಾಲ್ಡಿಹೈಡ್ ಪ್ರೋಟೀನುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಬಿಗಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಆಕಾರ ಕಾಣುತ್ತದೆ, ಅದರೊಳಗಿನ ಪ್ರೋಟೀನು ಯಾವುದೆಂದು ಹೇಳುವುದು ಕಷ್ಟವಾಗುತ್ತದೆ. 1991ರಲ್ಲಿ ಷಾನ್-ರೋಂಗ್ ಶಿ ಮತ್ತು ಸಂಗಡಿಗರು ಅಂಗಾಂಶದ ತೆಳು ಪದರಗಳನ್ನು ದ್ರಾವಣದಲ್ಲಿಟ್ಟು ಮೈಕ್ರೋವೇವ್ ಒಲೆಯಲ್ಲಿ ಬಿಸಿ ಮಾಡಿದರು. ಬಿಗಿ ಸಡಿಲವಾಯಿತು!

ಇತ್ತ ಪ್ರೋಟೀನನ್ನು ತೂಗುವ ವಿದ್ಯೆಯೂ ಬೆಳೆಯುತ್ತಿತ್ತು. 1980ರ ದಶಕದಲ್ಲಿ ಜಪಾನಿನ ಕೊಯಿಚಿ ತನಕಾ, ಜರ್ಮನಿಯ ಕರಾಸ್ ಮತ್ತು ಹಿಲ್ಲೆನ್‌ಕಾಂಪ್ ಲೇಸರ್ ಕಿರಣದಿಂದ ಪ್ರೋಟೀನನ್ನು ಒಡೆಯದೆ ಮೇಲೆಬ್ಬಿಸಿ ಅದರ ರಾಶಿಯನ್ನು ಅಳೆಯುವ ದಾರಿ ತೋರಿಸಿದರು. ತನಕಾ ಅವರಿಗೆ 2002ರಲ್ಲಿ ನೊಬೆಲ್ ಬಂತು. 1997ರಲ್ಲಿ ಅಮೆರಿಕದ ರಿಚರ್ಡ್ ಕ್ಯಾಪ್ರಿಯೋಲಿ ಅಂಗಾಂಶದ ಮೇಲೆ ಚುಕ್ಕೆ ಚುಕ್ಕೆಯಾಗಿ ಲೇಸರ್ ಹಾಯಿಸಿ, ಯಾವ ಪ್ರೋಟೀನು ಎಲ್ಲಿದೆ ಎಂಬ ಭೂಪಟವನ್ನೇ ಬಿಡಿಸಿದರು. ಹುಡುಕಬೇಕಾದ ಪ್ರೋಟೀನಿನ ಹೆಸರು ಮೊದಲೇ ಗೊತ್ತಿರಬೇಕಾಗಿಲ್ಲ ಎಂಬುದೇ ಇದರ ಹೆಚ್ಚುಗಾರಿಕೆ.

ಎರಡು ದಾರಿಗಳು ಕೂಡಿದ್ದು ಆಮೇಲೆ. ಮೇಣ ಕರಗಿಸಿ, ಬಿಸಿ ಮಾಡಿ, ನಮ್ಮ ಜೀರ್ಣಾಂಗದಲ್ಲಿರುವ ಟ್ರಿಪ್ಸಿನ್ ಕಿಣ್ವದಿಂದ ಪ್ರೋಟೀನನ್ನು ತುಂಡರಿಸಿ, ಆ ತುಂಡುಗಳನ್ನು ತೂಗುವುದು ಕ್ರಮ. 2008ರಲ್ಲಿ ಕ್ಯಾಪ್ರಿಯೋಲಿಯವರ ತಂಡ ಕಾದಿಟ್ಟ ಶ್ವಾಸಕೋಶದ ಕ್ಯಾನ್ಸರ್ ತುಣುಕುಗಳನ್ನು ಹೀಗೆ ಓದಿತು. ಎಲ್ಲ ಪ್ರೋಟೀನುಗಳೂ ಕಾಣುವುದಿಲ್ಲ, ನಿಜ. ಆದರೂ ಹಳೆಯ ತುಣುಕಿಗೆ ಒಂದು ವಿಶೇಷ ಬೆಲೆಯಿದೆ. ಯಾರಿಗೆ ಚಿಕಿತ್ಸೆ ಫಲಿಸಿತು, ಯಾರಿಗೆ ಕಾಯಿಲೆ ಮರುಕಳಿಸಿತು ಎಂಬುದು ಆಸ್ಪತ್ರೆಯ ದಾಖಲೆಯಲ್ಲಿ ಆಗಲೇ ಇರುತ್ತದೆ. ದಾಖಲೆ ಕಳೆದುಹೋದರೆ ಅದು ಬರೀ ಮೇಣದ ತುಂಡು.

ಇದನ್ನು ಬರೆಯುವಾಗ ನಮ್ಮ ಕಪಾಟಿನತ್ತ ನೋಡಿದೆವು. ಭರಣಿಗಳ ಚೀಟಿಗಳು ಅಳಿಸಿಹೋಗಿವೆ. ಹಾವು ಯಾವುದು, ಎಲ್ಲಿ ಸಿಕ್ಕಿತು, ಯಾವ ವರ್ಷ? ನಿವೃತ್ತರಾದ ಹಿರಿಯ ಅಧ್ಯಾಪಕರನ್ನು ಕೇಳಿ, ಈ ಬಾರಿ ಮಕ್ಕಳ ಕೈಯಲ್ಲೇ ಹೊಸ ಚೀಟಿ ಬರೆಸಬೇಕು.