ಕಾಫಿ ತೋಟದ ನೆರಳು ಮತ್ತು ಮರ ಕಾನೂನು: ಬಾಬಾಬುಡನ್‌ಗಿರಿ ಸೀಮೆಯ ಒಂದು ಟಿಪ್ಪಣಿ

ಬಾಬಾಬುಡನ್‌ಗಿರಿ ಸೀಮೆಯಲ್ಲಿ ವನ್ಯಜೀವಿ ಸಂರಕ್ಷಣೆಯ ಮಾತು ಬಂತೆಂದರೆ ಚರ್ಚೆ ಗಡಿಗಳ ಸುತ್ತಲೇ ಸುತ್ತುತ್ತದೆ. ಗಡಿಯಿಂದ ಪ್ರಯೋಜನವಾಗಿಲ್ಲ ಎಂದಲ್ಲ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗರು ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಗೊಂಡರು. ಕುದುರೆಮುಖದ ಅದಿರು ಗಣಿ ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಆದರೆ ಈ ಎರಡು ಕಾಡುಗಳ ನಡುವಿನ ಬಹುಪಾಲು ಇಳಿಜಾರು ಕಾಫಿ ತೋಟ, ಖಾಸಗಿ ಹಿಡುವಳಿ. ಅಲ್ಲಿನ ಮರಗಳ ಭವಿಷ್ಯವನ್ನು ವನ್ಯಜೀವಿ ಕಾಯ್ದೆಗಿಂತ ಹೆಚ್ಚಾಗಿ ನಿರ್ಧರಿಸುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ.

ಹಳೆಯ ಅರೇಬಿಕಾ ತೋಟವೊಂದರಲ್ಲಿ ನಿಂತು ನೋಡಿದರೆ ನೆರಳು ಎರಡು ಅಂತಸ್ತಿನದು. ಕೆಳಗೆ ಹಾಲುವಾಣ, ಮೇಲೆ ನಂದಿ, ಮತ್ತಿ, ಹೊನ್ನೆ, ಬೀಟೆ, ಅತ್ತಿ, ಬಸರಿ, ಹಲಸು. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕನ್ನು ಹದಕ್ಕೆ ತರುತ್ತಾರೆ. ಅತ್ತಿ ಹಣ್ಣಾದ ವಾರ ಕುಟ್ರುಹಕ್ಕಿ, ಮಂಗಟ್ಟೆಗಳ ಸಂತೆ. ಮಂಗಟ್ಟೆ ಗೂಡು ಮಾಡಲು ಬೇಕಾದ ಪೊಟರೆ ಸಿಗುವುದೂ ಇಂಥ ಹಳೆಯ ಮರಗಳಲ್ಲೇ. ಚಾಂಗ್, ಕೃತಿ ಕಾರಂತ್, ರಾಬಿನ್ಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಘಟ್ಟದ ಕಾಫಿ ತೋಟಗಳಲ್ಲಿ 106 ಬಗೆಯ ಹಕ್ಕಿಗಳನ್ನು ದಾಖಲಿಸಿದೆ. ಅರೇಬಿಕಾ ತೋಟಗಳಲ್ಲಿ ಪ್ರಭೇದಗಳು ಹೆಚ್ಚು. ಹಾಗೆಂದು ರೊಬಸ್ಟಾ ತೋಟ ಬರಡಲ್ಲ.

ಇದೇ ತೋಟಗಳಲ್ಲಿ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ದಶಕಗಳಿಂದ ಹೆಚ್ಚುತ್ತಿದೆ. ಅದು ಬೇಗ ಬೆಳೆಯುತ್ತದೆ, ನೇರ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸಬಹುದು. ಇವು ತಿಳಿದ ಕಾರಣಗಳೇ. ಮೂರನೆಯದು ಕಾಯ್ದೆಯೊಳಗಿದೆ: ಸಿಲ್ವರ್ ಕಡಿಯಲು ಅನುಮತಿ ಬೇಡ. ನಂದಿಯನ್ನೋ ಹೊನ್ನೆಯನ್ನೋ ಕಡಿಯಬೇಕಾದರೆ ಪಹಣಿ, ನಕ್ಷೆಗಳೊಂದಿಗೆ ಅರ್ಜಿ ಹಾಕಬೇಕು, ಅರಣ್ಯ ಇಲಾಖೆಯ ಪರಿಶೀಲನೆಗೆ ಕಾಯಬೇಕು, ಸಾಗಿಸಲು ಮತ್ತೆ ರಹದಾರಿ ಬೇಕು. ಕಾಫಿ ಬೆಲೆ ಕುಸಿದ ವರ್ಷ ಸಿಲ್ವರ್ ಮಾರಿ ಸಾಲ ತೀರಿಸಬಹುದು. ಹೊನ್ನೆಯನ್ನು ನಂಬಿ ಕೂರಲಾಗದು. ಹೀಗಿರುವಾಗ ತಾನಾಗಿ ಹುಟ್ಟಿದ ಹೊನ್ನೆ ಸಸಿಯನ್ನು ಕಳೆಯೊಂದಿಗೆ ಸವರಿಹಾಕುವುದು ಬೆಳೆಗಾರನ ಪಾಲಿಗೆ ಲೆಕ್ಕಾಚಾರವೇ. ಕಾಪಾಡಲೆಂದು ಮಾಡಿದ ಕಾನೂನು ಇರುವ ಮರವನ್ನು ಉಳಿಸುತ್ತದೆ, ಬರುವ ಮರವನ್ನು ತಡೆಯುತ್ತದೆ.

ಬಿಳಿ ಕಾಂಡಕೊರಕ ಈ ಬದಲಾವಣೆಗೆ ಇನ್ನಷ್ಟು ವೇಗ ಕೊಟ್ಟಿದೆ. ಬಿಸಿಲು ಹೆಚ್ಚಿರುವ ಅರೇಬಿಕಾ ತೋಟದಲ್ಲಿ ಅದರ ಹಾವಳಿ ಜಾಸ್ತಿ. ಕೊರಕಕ್ಕೆ ಬೇಸತ್ತವರು ಕಡಿಮೆ ನೆರಳು ಸಾಕಾಗುವ ರೊಬಸ್ಟಾಕ್ಕೆ ಹೊರಳುತ್ತಾರೆ. ನೆರಳು ತೆಗೆದಷ್ಟೂ ಕೊರಕ, ಕೊರಕ ಬಂದಷ್ಟೂ ರೊಬಸ್ಟಾ, ರೊಬಸ್ಟಾ ಬಂದಷ್ಟೂ ಬಿಸಿಲು.

ಎಲ್ಲ ದೋಷವನ್ನೂ ಸಿಲ್ವರ್ ತಲೆಗೆ ಕಟ್ಟುವಂತಿಲ್ಲ. ಭದ್ರಾ ಸುತ್ತಲಿನ ತೋಟಗಳ ಹಕ್ಕಿಗಳನ್ನು ಕುರಿತ ಆನಂದ್, ಕೃಷ್ಣಸ್ವಾಮಿ ಮತ್ತು ದಾಸ್ ಅವರ 2008ರ ಅಧ್ಯಯನದ ಪ್ರಕಾರ ತೋಟದ ಸಂರಕ್ಷಣಾ ಮೌಲ್ಯವನ್ನು ಮುಖ್ಯವಾಗಿ ನಿರ್ಧರಿಸುವುದು ಕಾಡಿನ ಸಾಮೀಪ್ಯ. ಅಂದರೆ ತೋಟ ಕಾಡಿಗೆ ಬದಲಿಯಲ್ಲ, ಕಾಡಿನ ಅಂಚು. ಹಾಗಾಗಿ ಸೀಮೆಗೆಲ್ಲ ಒಂದೇ ನೆರಳು ನಿಯಮ ಹೇರುವುದು ವ್ಯರ್ಥ. ಭದ್ರಾ ಕಾಡಿನ ಮುತ್ತೋಡಿಯ ಅಂಚಿನ ತೋಟಕ್ಕೂ ಕಾಡಿನಿಂದ ದೂರದ ತೋಟಕ್ಕೂ ಬೇರೆ ಬೇರೆ ಅಳತೆಗೋಲು ಬೇಕು.

ಸರ್ಕಾರದ ಕೈಯಲ್ಲಿ ಉಪಕರಣಗಳಿಲ್ಲದೆ ಇಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬದುಕಿದ ಪ್ರತಿ ಸಸಿಗೆ 3 ವರ್ಷ ಹಣ ಕೊಡುತ್ತದೆ. ಆದರೆ ನಾಡಮರದ ಕಷ್ಟ ಶುರುವಾಗುವುದು 30 ವರ್ಷ ದಾಟಿದ ಮೇಲೆ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರಕಿತು. ಹೆಸರಿನ ಬೆಲೆಯಲ್ಲಿ ನೆರಳಿನ ಮರಕ್ಕೊಂದು ಪಾಲು ಕಟ್ಟುವುದು ಅಸಾಧ್ಯವೇನಲ್ಲ.

ನನ್ನ ತೀರ್ಮಾನ ಇಷ್ಟು. ಬೆಳೆಗಾರ ಸ್ವತಃ ನೆಟ್ಟು ನೋಂದಾಯಿಸಿದ ನಂದಿ, ಹೊನ್ನೆ, ಮತ್ತಿಗಳಿಗೆ ಸಿಲ್ವರ್‌ಗಿರುವ ವಿನಾಯಿತಿಯನ್ನೇ ಕೊಡಬೇಕು. ಈಗಾಗಲೇ ನಿಂತಿರುವ ಮರಗಳಿಗೆ ಅನುಮತಿ ನಿಯಮ ಮುಂದುವರಿಯಲಿ. ಅತ್ತಿ, ಬಸರಿಗಳಿಗೆ ನಾಟಾ ಬೆಲೆಯೇ ಇಲ್ಲದ್ದರಿಂದ ಈ ವಿನಾಯಿತಿ ಅವನ್ನು ಉಳಿಸದು. ಅವುಗಳಿಗೆ, ಕನಿಷ್ಠ ಅಭಯಾರಣ್ಯದ ಅಂಚಿನ ತೋಟಗಳಲ್ಲಾದರೂ, ನಿಂತಿರುವಷ್ಟು ಕಾಲ ವರ್ಷಕ್ಕಿಷ್ಟು ಎಂದು ಹಣ ಕೊಡುವುದೊಂದೇ ದಾರಿ.