ಡೆಸ್ಕ್‌ಟಾಪ್ ಜಾಗಕ್ಕೆ ಗೇಮಿಂಗ್ ಲ್ಯಾಪ್‌ಟಾಪ್: ಹಾವೇರಿ ಸೀಮೆಯ ಬಿಸಿಲು, ದೂಳಿಗೆ ಒಗ್ಗುವುದು ಯಾವುದು?

ಯಾರಿಗೆ ಬೇಕು, ಯಾರಿಗೆ ಬೇಡ

ಹುಬ್ಬಳ್ಳಿ–ದಾವಣಗೆರೆ ರೈಲು ಹಾದಿಯಲ್ಲಿ ಸಾಲಾಗಿ ಸಿಗುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಬೇಕೆನ್ನುವವರೆಲ್ಲ ಬರೀ ಆಟಕ್ಕಾಗಿ ಕೇಳುವುದಿಲ್ಲ. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುವವರಿಗೆ ಕ್ಯಾಡ್, ಪ್ರೋಗ್ರಾಮಿಂಗ್ ಜೊತೆಗೆ ಆಟವೂ ನಡೆಯಬೇಕು. ಫೋಟೊ ಸ್ಟುಡಿಯೊದವರಿಗೆ ಹಗಲು ಆಲ್ಬಂ ಡಿಸೈನ್, ರಾತ್ರಿ ವಿಡಿಯೊ ಮಿಕ್ಸಿಂಗ್. ಮುಹೂರ್ತದ ದಿನ ಅದೇ ಯಂತ್ರವನ್ನು ಕಲ್ಯಾಣ ಮಂಟಪಕ್ಕೆ ಒಯ್ದು ಯೂಟ್ಯೂಬಿನಲ್ಲಿ ನೇರ ಪ್ರಸಾರ. ವಿದ್ಯಾರ್ಥಿ ಹಾಸ್ಟೆಲ್‌ಗೂ ಮನೆಗೂ ಓಡಾಡುವವ. ಇಂಥವರಿಗೆ ಎರಡು ಯಂತ್ರದ ಬದಲು ಎರಡೂವರೆ ಕಿಲೊ ತೂಗುವ ಒಂದೇ ಲ್ಯಾಪ್‌ಟಾಪ್ ಸಾಕಾಗುತ್ತದೆ.

ಯಂತ್ರ ಮೇಜು ಬಿಟ್ಟು ಕದಲುವುದೇ ಇಲ್ಲ ಎಂದಾದರೆ ಡೆಸ್ಕ್‌ಟಾಪನ್ನೇ ಕೊಳ್ಳಿ ಎನ್ನುತ್ತೇನೆ. ಅದೇ ದುಡ್ಡಿಗೆ ಹೆಚ್ಚು ಶಕ್ತಿ ಸಿಗುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮುಂದೆ ಹೊಸದನ್ನು ಹಾಕಿಸಲು ಬರುವುದಿಲ್ಲ. ದಲಾಲಿ ಅಂಗಡಿಯ ಟ್ಯಾಲಿ ಲೆಕ್ಕಕ್ಕಂತೂ ಇಷ್ಟು ದೊಡ್ಡ ಯಂತ್ರ ದಂಡ.

ಕಾರ್ಡಿಗೆ ಎಷ್ಟು ವ್ಯಾಟ್?

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಹೆಸರು. ಹೆಸರೊಂದನ್ನೇ ನಂಬಿದರೆ ಮೋಸಹೋಗುತ್ತೀರಿ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060 ಚಿಪ್ಪನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದ ಮಿತಿಯಲ್ಲಿ ಕೂರಿಸಬಹುದು. ತೆಳ್ಳನೆಯ ಮಾದರಿಯಲ್ಲೂ ದಪ್ಪ ಮಾದರಿಯಲ್ಲೂ ಸ್ಟಿಕ್ಕರ್ ಒಂದೇ, ಓಟ ಮಾತ್ರ ಬೇರೆ. ವಿವರ ಪಟ್ಟಿಯಲ್ಲಿ ಟಿಜಿಪಿ (ಕಾರ್ಡಿನ ವಿದ್ಯುತ್ ಮಿತಿ) ಎಂಬ ಸಾಲನ್ನು ಹುಡುಕಿ. ಅಲ್ಲಿ ವ್ಯಾಟ್ ಕಾಣದಿದ್ದರೆ ಕಂಪನಿಯ ಜಾಲತಾಣದಲ್ಲಿ ನೋಡದೆ ಮುಂಗಡ ಕೊಡಬೇಡಿ. ಕಾರ್ಡಿನ ಸ್ವಂತ ಮೆಮೊರಿಯೂ ಮುಖ್ಯ: ಲ್ಯಾಪ್‌ಟಾಪ್ 4050ಕ್ಕೆ 6 ಜಿಬಿ, 4060ಕ್ಕೆ 8 ಜಿಬಿ. ನಾಲ್ಕೈದು ವರ್ಷ ಬಳಸುವ ಆಲೋಚನೆಯಿದ್ದರೆ 8 ಜಿಬಿಗೆ ಕಡಿಮೆ ಬೇಡ.

ಬಿಸಿಲು, ಅರಳೆ, ಮೆಣಸಿನಕಾಯಿ ದೂಳು

ನಮ್ಮ ಕಡೆ ಯಂತ್ರದ ಆಯಸ್ಸನ್ನು ತೀರ್ಮಾನಿಸುವುದು ಇದೇ. ಬೇಸಿಗೆಯ ಮಧ್ಯಾಹ್ನ ಹೊರಗೆ 40 ಡಿಗ್ರಿಯ ಹತ್ತಿರ. ತಗಡಿನ ಮಾಳಿಗೆಯ ಕೋಣೆಯಾದರೆ ಒಳಗೂ ಕುದಿ. ಯಂತ್ರದ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಬಿಸಿಯಾಗಿದ್ದರೆ ಅದು ತಂಪು ಮಾಡುವುದಾದರೂ ಹೇಗೆ? ಪ್ರೊಸೆಸರ್ 100 ಡಿಗ್ರಿ ಆಸುಪಾಸು ಮುಟ್ಟಿದೊಡನೆ ಸುಟ್ಟುಹೋಗದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಐದು ನಿಮಿಷ ಚಿಗರೆಯಂತೆ ಓಡಿದ ಆಟ ಅರ್ಧ ತಾಸಿನಲ್ಲಿ ಮುಗ್ಗರಿಸುವುದು ಈ ಕಾರಣಕ್ಕೆ. ಎಸಿ ಹಾಕಿದ ಶೋರೂಮಿನಲ್ಲಿ ಇದು ಗೊತ್ತಾಗುವುದಿಲ್ಲ. ಅದೇ ಮಾದರಿಯನ್ನು ಬಳಸುತ್ತಿರುವವರ ಮನೆಗೆ ಹೋಗಿ, ಭಾರವಾದ ಆಟವನ್ನೋ ವಿಡಿಯೊ ರೆಂಡರನ್ನೋ ಅರ್ಧ ತಾಸು ಓಡಿಸಿ ನೋಡುವುದು ಒಳ್ಳೆಯದು.

ಕೊಳ್ಳುವ ಮುನ್ನ ಯಂತ್ರವನ್ನು ಬೋರಲು ಹಾಕಿ. ಕೆಳಗೆ ಅಗಲವಾದ ಜಾಲರಿ, ಅದರೊಳಗೆ ಎರಡು ಫ್ಯಾನ್, ಬಿಸಿಗಾಳಿ ಹೊರಬೀಳಲು ಹಿಂದೆ ಮತ್ತು ಬದಿಗೆ ಬಾಯಿ ಇರಬೇಕು. ಆ ಬಾಯಿಗಳ ಒಳಗೆ ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ನಿಂತಿರುವ ತಾಮ್ರದ ಎಸಳುಗಳಲ್ಲೇ ದೂಳು ಕೂರುವುದು. ರಾಣೆಬೆನ್ನೂರಿನಲ್ಲಿ ಹತ್ತಿ ವಹಿವಾಟಿನ ಓಣಿಯ ಮನೆಯಾದರೆ ಅರಳೆಯ ಎಳೆ ಅಲ್ಲಿ ಹಾಸಿಗೆಯಂತೆ ಹೆಣೆದುಕೊಳ್ಳುತ್ತದೆ. ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಮೆಣಸಿನಕಾಯಿ ಪೇಟೆಯ ಘಾಟು ಮೂಗಿಗೆ ಬಡಿಯುತ್ತದೆ. ಮೂಗಿಗೆ ಹೋಗುವ ಪುಡಿ ಫ್ಯಾನಿಗೂ ಹೋಗುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ತಿಂಗಳಿಗೊಮ್ಮೆ ಯಂತ್ರ ಆರಿಸಿ, ಬ್ಲೋವರಿನಿಂದ ದೂಳು ಊದಬೇಕು. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಮರದ ಕಡ್ಡಿಯಿಂದ ತಡೆಹಿಡಿಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳು. ಎರಡು-ಮೂರು ವರ್ಷಕ್ಕೊಮ್ಮೆ ಥರ್ಮಲ್ ಪೇಸ್ಟ್ ಬದಲಿಸಿ. ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕೌದಿಯ ಮೇಲೆ, ದಿಂಬಿನ ಮೇಲೆ ಇಟ್ಟು ಆಡುವುದು ಬೇಡವೇ ಬೇಡ.

ಕರೆಂಟು ಮತ್ತು ಅರ್ಥಿಂಗ್

ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಮೇಲು ಎನ್ನಿಸುವುದು ಇಲ್ಲಿ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಸಂಜೆ ವೋಲ್ಟೇಜ್ ಕುಸಿದರೂ ಅದು ತಡೆದುಕೊಳ್ಳುತ್ತದೆ. ಕರೆಂಟು ಹೋದರೆ ಅರ್ಧ ಮುಗಿದ ಆಲ್ಬಂ ಕೈತಪ್ಪುವುದಿಲ್ಲ. ಆದರೆ ಬ್ಯಾಟರಿಯ ಮೇಲೆ ಆಟ ಪೂರ್ತಿ ವೇಗದಲ್ಲಿ ಓಡದು. ಕಾರ್ಡ್ ಬೇಡುವಷ್ಟು ವಿದ್ಯುತ್ತನ್ನು ಬ್ಯಾಟರಿ ಒಮ್ಮೆಲೇ ಕೊಡಲಾರದು. 230 ವ್ಯಾಟ್ ಅಡಾಪ್ಟರನ್ನು ಮನೆಯ ಇನ್ವರ್ಟರಿಗೆ ಹಚ್ಚುವುದಾದರೆ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇರಲಿ. ದಿನವಿಡೀ ಚಾರ್ಜಿಗೆ ಹಾಕಿಯೇ ಇಡುವವರು ಕಂಪನಿಯ ತಂತ್ರಾಂಶದಲ್ಲಿ ಚಾರ್ಜ್ ಮಿತಿಯನ್ನು 80 ಪ್ರತಿಶತಕ್ಕೆ ನಿಲ್ಲಿಸಿದರೆ ಬ್ಯಾಟರಿ ಉಬ್ಬುವ ಅಪಾಯ ತಗ್ಗುತ್ತದೆ.

ಲೋಹದ ಮೈ ಮೇಲೆ ಮುಂಗೈ ಆನಿಸಿದಾಗ ಜುಮ್ಮೆಂದರೆ ಲ್ಯಾಪ್‌ಟಾಪನ್ನು ಬೈಯುವ ಮೊದಲು ಗೋಡೆಯ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಳೆಯ ಮನೆಗಳಲ್ಲಿ ಮೂರನೆಯ ತೂತಿಗೆ ಅರ್ಥ್ ತಂತಿಯೇ ಇರುವುದಿಲ್ಲ. ದೊಡ್ಡ ಅಡಾಪ್ಟರ್‌ಗಳಲ್ಲಿ ಕೆಲವಕ್ಕೆ 16 ಆಂಪಿಯರಿನ ದಪ್ಪ ಪಿನ್ ಬರುತ್ತದೆ. ಅಂಥ ಸಾಕೆಟ್ ಒಂದನ್ನು ಮೇಜಿನ ಹತ್ತಿರ ಹಾಕಿಸಿಕೊಳ್ಳಿ.

ಪರದೆ, ರ‍್ಯಾಮ್, ಕೀಲಿಮಣೆ

16 ಜಿಬಿ ರ‍್ಯಾಮ್ ಎರಡು ಕಡ್ಡಿಗಳಾಗಿ ಇರಲಿ, ಒಂದೇ ಕಡ್ಡಿಯಾದರೆ ಆಟ ನಿಧಾನ. ಎಸ್‌ಎಸ್‌ಡಿಗೆ ಎರಡನೆಯ ಜಾಗವಿದ್ದರೆ ಮದುವೆ ವಿಡಿಯೊಗಳಿಗೆ ಅನುಕೂಲ. 144 ಹರ್ಟ್ಸ್ ಪರದೆ ಆಟಕ್ಕೆ ಸಾಕು. ಆಲ್ಬಂ ಮಾಡುವವರು ಬಣ್ಣ ನೋಡಲೇಬೇಕು: 45 ಪ್ರತಿಶತ ಎನ್‌ಟಿಎಸ್‌ಸಿ ಎಂದಿದ್ದರೆ ಸೀರೆಯ ಕೆಂಪು ಪ್ರಿಂಟಿನಲ್ಲಿ ಬೇರೆಯೇ ಬರುತ್ತದೆ, 100 ಪ್ರತಿಶತ ಎಸ್‌ಆರ್‌ಜಿಬಿ ಇರುವುದನ್ನು ಆರಿಸಿ. ಹೊರಗಿನ ಮಾನಿಟರ್ ಹಚ್ಚಿದಾಗಲೂ ಮುಚ್ಚಳ ತೆರೆದೇ ಇಡಿ, ಎಷ್ಟೋ ಮಾದರಿಗಳು ಕೀಲಿಮಣೆಯ ಸಂದಿಯಿಂದಲೂ ಗಾಳಿ ಎಳೆಯುತ್ತವೆ.

ಸರ್ವಿಸ್ ಮತ್ತು ಬಿಲ್

ಆನ್‌ಸೈಟ್ ವಾರಂಟಿ ಎಂದರೆ ಮನೆಗೇ ಬಂದು ರಿಪೇರಿ. ಇದು ನಮ್ಮ ಊರಿಗೂ ಇದೆಯೇ ಎಂಬುದು ಪಿನ್‌ಕೋಡ್ ಮೇಲೆ ನಿಂತಿದೆ: ಹಾವೇರಿ 581110, ರಾಣೆಬೆನ್ನೂರು 581115, ಬ್ಯಾಡಗಿ 581106. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ ಖಚಿತಪಡಿಸಿಕೊಳ್ಳಿ. ಇಲ್ಲವೆಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೊತ್ತೊಯ್ಯಬೇಕು. ಮದುವೆ ಹಂಗಾಮಿನಲ್ಲಿ ಒಂದು ವಾರ ಯಂತ್ರವಿಲ್ಲದೆ ಸ್ಟುಡಿಯೊ ನಡೆಯದು. ಒಂದೇ ಬೆಲೆಯ ಎರಡು ಮಾದರಿಗಳಿದ್ದರೆ ನಾನು ಸರ್ವಿಸ್ ಇರುವುದನ್ನೇ ಆರಿಸುತ್ತೇನೆ.

ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಪ್ರತಿಶತ. ನೋಂದಣಿಯಿರುವ ಸ್ಟುಡಿಯೊದವರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿದರೆ ವ್ಯವಹಾರದ ಖರೀದಿಯೆಂದು ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಈ ಅನುಕೂಲವಿಲ್ಲ. ಬಿಲ್ಲು, ಪೆಟ್ಟಿಗೆ, ಯಂತ್ರದ ತಳ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ, ಕಂಪನಿಯ ಜಾಲತಾಣದಲ್ಲಿ ವಾರಂಟಿ ಶುರುವಾದ ತಾರೀಖು ಬಿಲ್ಲಿನ ತಾರೀಖಿಗೆ ಹೊಂದದಿದ್ದರೆ ಅಲ್ಲಿಯೇ ಸರಿಪಡಿಸಿಕೊಂಡು ಬನ್ನಿ.